ಯಜಮಾನರ ಉದ್ದನೆಯ ಪೂಜೆ

ಗಂಡನನ್ನು ಹೊಗಳುವ ಹೆಂಗಸು ಸ್ವಲ್ಪ ವಿಚಾರಿಸಿಕೊಂಡು ಹೊಗಳಬೇಕು. ಇದು ನನಗೆ ತಿಳಿದದ್ದು ಒಂದು ಮೊರ ಅವರೆಕಾಯಿ ಬಿಡಿಸುತ್ತ ಕೂತಿದ್ದ ದಿನ. ಬೆಳಿಗ್ಗೆ ಗೊಬ್ಬರದ ನೆಪ ಹೇಳಿ ಯಜಮಾನರ ಜೊತೆ ಬಸ್ಸು ಹತ್ತಿದ್ದ ಮೈದುನ ಚಿತ್ರದುರ್ಗದ ಆಸ್ಪತ್ರೆಯಿಂದ ಫೋನ್ ಮಾಡಿದ. ಅಣ್ಣನಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿ ಕಟ್ಟಿದೆಯಂತೆ, ನಾಳೆಯೇ ಲೇಸರ್ ಆಪರೇಷನ್ ಅಂತೆ.

ಯಲ್ಲದಕೆರೆಯಿಂದ ಮದುವೆಯಾಗಿ ಈ ಶ್ರೀರಾಂಪುರಕ್ಕೆ ಬಂದಾಗ ಯಜಮಾನರ ಲಿಂಗಪೂಜೆ ಎಂದರೆ ಹತ್ತೇ ನಿಮಿಷ. ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬುವಷ್ಟರಲ್ಲಿ, ಹಣೆಯ ವಿಭೂತಿ ಆರುವ ಮೊದಲೇ, ತಟ್ಟೆ ಮುಂದೆ ಹಾಜರ್. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಅತ್ತೆ ನೋಡದ ಹಾಗೆ, ಮೊದಲ ತುತ್ತು ನನ್ನ ಬಾಯಿಗೆ ಇಡುತ್ತಿದ್ದರು. ನಾನೋ, ಗಂಟೆಗಟ್ಟಲೆ ಪೂಜೆಗೆ ಕೂರುತ್ತಿದ್ದ ಅಪ್ಪನ ಮಗಳು. ಇವರಿಗೂ ಅಷ್ಟು ಭಕ್ತಿ ಕೊಡಪ್ಪ ಎಂದು ಶಿವನನ್ನು ಕೇಳಿಕೊಳ್ಳುತ್ತಿದ್ದೆ.

ಮೂರು ವರ್ಷದ ಹಿಂದೆ ಶಿವ ಕೊಟ್ಟ. ಪೂಜೆ ಒಂದು ಗಂಟೆಗೆ ಏರಿತು. ನಡುವೆ ಎದ್ದು ಹಿತ್ತಲಿಗೆ ಹೋಗುವರು, ಕೈಕಾಲು ತೊಳೆದು ಬಂದು ಹೊಸದಾಗಿ ವಿಭೂತಿ ಹಚ್ಚುವರು, ಮತ್ತೆ ಮೊದಲಿನಿಂದ ಶುರು. ಎಂಥ ಮಡಿ ಎಂದುಕೊಂಡೆ. ರೊಟ್ಟಿ ತಣ್ಣಗಾದರೂ ಗೊಣಗಲಿಲ್ಲ. ಪಕ್ಕದ ಮನೆಯ ಗಿರಿಜಕ್ಕನಿಗೆ ಹೇಳಿದೆ, ಮಠಕ್ಕೆ ಹೋದಾಗ ಸ್ವಾಮಿಗಳಿಗೂ ಅರಿಕೆ ಮಾಡಿಕೊಂಡೆ. ವಿಭೂತಿ ಗಟ್ಟಿ ಹದಿನೈದೇ ದಿನಕ್ಕೆ ಸವೆದರೆ ಹೆಮ್ಮೆಯಿಂದ ಹೊಸದು ತಂದಿಡುತ್ತಿದ್ದೆ.

ಅವರೆಕಾಯಿ ಮೊರದಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದೆ. ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರದ ದಾರಿಯಿಂದಲೇ ಹೋಗಿ ಲೇಸರಿನಲ್ಲಿ ತೆಗೆಯುತ್ತೇವೆ ಎಂದು ಡಾಕ್ಟರು ಧೈರ್ಯ ಹೇಳಿದರು. ಇನ್ನೂ ತಡವಾಗಿದ್ದರೆ ಕಿಡ್ನಿಗೇ ಪೆಟ್ಟು ಬೀಳುತ್ತಿತ್ತು ಎಂದೂ ಸೇರಿಸಿದರು. ಪೂಜೆಯ ನಡುವೆ ಹಿತ್ತಲಿಗೆ ಏಳುತ್ತಿದ್ದದ್ದು ಮಡಿಗಲ್ಲ ಎಂದು ಆಗ ಹೊಳೆಯಿತು. ಮೂರು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಇವರನ್ನು ಕೇಳಿದೆ.

"ಹೆಂಗ್ ಹೇಳ್ಲಿ? ನೀನಾಗ್ಲೇ ಮಠದ ತನಕ ಹೇಳ್ಕಂಡ್ ಬಂದಿದ್ಯಲ್ಲ" ಅಂದರು ಮಂಚದ ಮೇಲಿಂದ, ಮೆಲ್ಲಗೆ.

ಮರುದಿನ ಆಪರೇಷನ್ ಮುಗಿಯುವ ತನಕ ಹೊರಗೆ ಬೆಂಚಿನ ಮೇಲೆ ಕೂತು, ಹಳೆಯ ಬೇಡಿಕೆಯನ್ನು ಶಿವನಿಂದ ವಾಪಸ್ ತೆಗೆದುಕೊಂಡೆ. ಹತ್ತು ನಿಮಿಷದ ಭಕ್ತಿಯೇ ಸಾಕು, ಅವರನ್ನು ಎಬ್ಬಿಸಿ ಕಳಿಸಪ್ಪ.

ಕಳಿಸಿದ. ಮೂತ್ರಕ್ಕೆಂದು ಹಾಕಿದ್ದ ಪೈಪು ತೆಗೆದ ಮೇಲೆ ಒಂದಷ್ಟು ವಾರ ಉರಿ ಇತ್ತು, ಬಿಂದಿಗೆಗಟ್ಟಲೆ ನೀರು ಕುಡಿಸಿದೆ, ಎಲ್ಲ ಸರಿಹೋಯಿತು. ಮೊನ್ನೆ ಗಿರಿಜಕ್ಕ ಬಾಗಿಲಲ್ಲಿ ನಿಂತು ಚುಚ್ಚಿದರು: "ಏನವ್ವ, ನಿಮ್ ಯಜಮಾನ್ರಿಗೆ ಭಕ್ತಿ ಕಡಿಮೆ ಆದಂಗೈತೆ?"

"ಹೂಂ ಕಣಕ್ಕ, ಲೇಸರ್ ಹಾಕ್ಸಿ ತೆಗ್ಸಿದ್ವಿ" ಅಂದೆ.

ಅಷ್ಟರಲ್ಲಿ ಒಳಗೆ ತಟ್ಟೆ ಇಟ್ಟ ಸದ್ದಾಯಿತು. ಹಂಚಿನ ಮೇಲೆ ಮೊದಲ ರೊಟ್ಟಿ ಇನ್ನೂ ಉಬ್ಬಿರಲಿಲ್ಲ. ಒಳಗೆ ಹೋಗಿ ಬೆಣ್ಣೆ ಡಬ್ಬಿಯನ್ನು ಅವರ ತಟ್ಟೆಯ ಹತ್ತಿರಕ್ಕೆ ತಳ್ಳಿ, ರೊಟ್ಟಿ ಮಗುಚಿ ಹಾಕಿದೆ.