ನಾರ್ಮನ್ ಕಣ್ಣು ಮಿಟುಕಿಸಲಿಲ್ಲ

ಹೆಟ್ಟಿಗೆ ಸರ್ಕಾರದ ಮೇಲೆ ಸಿಟ್ಟು ಬಂದಿತ್ತು. ಗಂಡ ನಾರ್ಮನ್ ಸತ್ತು ನಾಲ್ಕು ತಿಂಗಳಾಗಿತ್ತು. ಈಗ ಅವನಿಗೆ ಹದಿನೆಂಟು ತುಂಬಿದೆಯೇ ಎಂದು ಕೇಳುತ್ತಿದ್ದರು.

ನ್ಯೂಕ್ಯಾಸಲ್ ಕಡೆಯ ಗಣಿ ಊರುಗಳಲ್ಲಿ ಪಂದ್ಯಕ್ಕೆ ಈರುಳ್ಳಿ ಬೆಳೆಯುವವರಿದ್ದಾರೆ. ನಾರ್ಮನ್ ಅವರಲ್ಲೊಬ್ಬ. ಒಂದೊಂದು ಗಡ್ಡೆ ಮಗುವಿನ ತಲೆಗಿಂತ ದಪ್ಪ. ಆ ಗಂಡಸರಿಗೆಲ್ಲ ಫೋನಿನಲ್ಲಿ ಒಂದು ಹರಟೆಕಟ್ಟೆ ಇತ್ತು. ನಾರ್ಮನ್ ಹೋದಮೇಲೆ ಹೆಟ್ಟಿ ಅವನ ಹೆಸರಿನಲ್ಲೇ ಅಲ್ಲಿ ಕೂರುತ್ತಿದ್ದಳು. ಸತ್ತ ಸುದ್ದಿ ಹೇಳಿರಲಿಲ್ಲ. ದಿನಾ ಯಾರಾದರೊಬ್ಬರು "ನಾರ್ಮನ್, ಇದ್ದೀಯೇನಯ್ಯಾ?" ಎಂದು ಬರೆಯುತ್ತಿದ್ದರು. ಇವಳು "ಇದ್ದೀನಿ" ಎಂದು ಒತ್ತುತ್ತಿದ್ದಳು. ಆ ಹೆಸರು ಹಿಡಿದು ಕರೆಯುವವರು ಬೇರೆಲ್ಲೂ ಉಳಿದಿರಲಿಲ್ಲ.

ಈಗ ಹೊಸ ಕಾನೂನು. ಮಕ್ಕಳು ಕೆಡಬಾರದಂತೆ. (ಈರುಳ್ಳಿ ನೋಡಿ ಯಾವ ಮಗು ಕೆಟ್ಟಿತೋ!) ಶುಕ್ರವಾರದೊಳಗೆ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿ ವಯಸ್ಸು ಸಾಬೀತು ಮಾಡದಿದ್ದರೆ ನಾರ್ಮನ್‌ಗೆ ಕಟ್ಟೆಯ ಬಾಗಿಲು ಬಂದ್.

"ಮುಖ ಮಾತ್ರ ಕೊಡ್ಬೇಡ ಮಾರಾಯ್ತಿ!" ಪಕ್ಕದ ಮನೆಯ ಮಾವಿಸ್ ಚಹಾ ಕುಡಿಯುತ್ತ ಹೆದರಿಸಿದಳು. "ಪಾಸ್‌ವರ್ಡ್ ಕದ್ರೆ ಬದಲಾಯಿಸ್ಬೋದು. ಮುಖ ಕದ್ರೆ?"

"ಈ ಮುಖಾನಾ? ಕದ್ದೋನೇ ವಾಪಸ್ ತಂದ್ಕೊಡ್ತಾನೆ."

"ನಗು, ನಗು. ನನ್ನ ತಂಗಿ ಪಾಸ್‌ಪೋರ್ಟು ಎಲ್ಲೋ ಸೋರಿಹೋಗಿ ಅವಳ ಹೆಸರಲ್ಲಿ ಯಾವನೋ ಮೋಟರ್ ಸೈಕಲ್ ತಗೊಂಡ."

"ನೋಡಿದ ಕೂಡ್ಲೇ ಅಳಿಸ್ತೀವಿ ಅಂತ ಹಾಕಿದಾರಲ್ಲೇ."

"ಯಾರು ಅಳಿಸೋದು? ಸರ್ಕಾರ ನೋಡೋದೇ ಇಲ್ವಂತೆ. ಯಾವ್ದೋ ದೇಶದ ಕಂಪ್ನಿ ನೋಡುತ್ತಂತೆ. ನೀನು ಹೋಗಿ ಪರೀಕ್ಷೆ ಮಾಡ್ತೀಯಾ?"

ಮಾತು ಹೆಟ್ಟಿಗೆ ನಾಟಿತು. ಅವಳು ಒಳಬಟ್ಟೆಯನ್ನು ಮೇಜುಬಟ್ಟೆಯ ಮರೆಯಲ್ಲಿ ಒಣಗಿಸುವವಳು. ಯೋಚಿಸಿ ಯೋಚಿಸಿ ನಾರ್ಮನ್ ಮುಖವನ್ನೇ ಕೊಡುವುದೆಂದು ತೀರ್ಮಾನಿಸಿದಳು. ಅವನಿಂದ ಇನ್ನು ಯಾರೂ ಏನೂ ಕದಿಯುವಂತಿರಲಿಲ್ಲ.

ಮಾವಿಸ್ ಹೋದಮೇಲೆ ಪರದೆ ಎಳೆದು, ಮದುವೆಯ ಫೋಟೋ ಫೋನಿಗೆ ಹಿಡಿದಳು. ಹದಿನೆಂಟು ಆಗಿರಲಿಕ್ಕಿಲ್ಲ ಎಂದಿತು ಫೋನು.

"ಆಗ್ಲೇ ಆರು ವರ್ಷ ಗಣಿಗೆ ಇಳಿದಿದ್ದ, ಮೂದೇವಿ!"

ಕಳೆದ ವರ್ಷದ ಫೋಟೋ ಹಿಡಿದಳು, ಬಹುಮಾನದ ಗಡ್ಡೆಯ ಜೊತೆ ನಿಂತದ್ದು. ಗಡ್ಡೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಫೋನು ಈ ಸಲ ಒಪ್ಪುವ ಹಾಗೆ ಕಂಡಿತು. ಆಮೇಲೆ ಕೇಳಿತು: ದಯವಿಟ್ಟು ಕಣ್ಣು ಮಿಟುಕಿಸಿ.

ಹೆಟ್ಟಿ ಸ್ವಲ್ಪ ಹೊತ್ತು ಕಾದಳು.

ಆಮೇಲೆ ಎದ್ದು, ಬಾಗಿಲ ಹಿಂದೆ ನೇತಾಡುತ್ತಿದ್ದ ಅವನ ಟೋಪಿ ಹಾಕಿಕೊಂಡಳು. ಮಫ್ಲರನ್ನು ಗಲ್ಲದವರೆಗೆ ಸುತ್ತಿದಳು. ಅದರಲ್ಲಿ ಇನ್ನೂ ಅವನ ತಂಬಾಕಿನ ವಾಸನೆ. ಫೋನಿನೆದುರು ಕೂತು ಕಣ್ಣು ಮಿಟುಕಿಸಿದಳು. ಕಣ್ಣು ಒದ್ದೆಯಿದ್ದುದರಿಂದ ಕಷ್ಟವಾಗಲಿಲ್ಲ. ಫೋನು ಕ್ಷಣವೂ ಅನುಮಾನಿಸದೆ ಒಪ್ಪಿಬಿಟ್ಟಿತು. (ಒಂದಿಷ್ಟಾದರೂ ಅನುಮಾನಿಸಬಹುದಿತ್ತು.)

ಗೆದ್ದವಳಂತೆ ಕಟ್ಟೆಯಲ್ಲಿ ಬರೆದಳು: "ಸರ್ಕಾರಕ್ಕೆ ಮುಖ ತೋರಿಸಿ ಬಂದೆ. ನಾರ್ಮನ್."

ಮಾರ್ಪೆತ್ ಊರಿನ ಆಲ್ಬಿ ಕೂಡಲೇ ಬರೆದ: "ಚೆಂದ ಬಂತಾ ಮುಖ, ಹೆಟ್ಟಿ ಚಿನ್ನಾ?"

ಹೆಟ್ಟಿ ಗೋಡೆ ಗುದ್ದಿದಳು. "ಮಾವಿಸ್! ಬಾರೇ! ಆಗ್ಲೇ ಮಾರಿಬಿಟ್ರು ಕಣೇ ನನ್ನ!"

ಮಾವಿಸ್ ಚಪ್ಪಲಿಯಿಲ್ಲದೆ ಓಡಿಬರುವಷ್ಟರಲ್ಲಿ ಆಲ್ಬಿಯ ಮುಂದಿನ ಮಾತು ಬಂದಿತ್ತು.

"ಸರ್ಕಾರ ಏನೂ ಹೇಳಿಲ್ಲ. ಕ್ರಿಸ್‌ಮಸ್ ಮಾರನೇ ದಿನ, ಬೀಜ ಹಾಕೋವಾಗ, ಗೊಬ್ಬರಕ್ಕೆ ಏನ್ ಹಾಕ್ತೀಯಾ ಅಂತ ಸುಮ್ನೆ ಕೇಳಿದ್ದೆ. ನೀನು ಹೇಳ್ಬಿಟ್ಟೆ! ಹಳಸಿದ ಬಿಯರು, ಮಸಿ, ಕುರಿ ಹಿಕ್ಕೆ. ನಾರ್ಮನ್ ಅದನ್ನ ಪಾದ್ರಿಗೂ ಹೇಳ್ತಿರ್ಲಿಲ್ಲ. ಆ ಹಿಕ್ಕೇನ 'ನನ್ನ ಹಳೇ ಉದ್ದ ಕಾಲುಚೀಲದಲ್ಲಿ ಕಟ್ಟಿ ನೀರಿಗೆ ಬಿಡ್ತೀನಿ' ಅಂತ ಬೇರೆ ಬರ್ದಿದ್ದೆ. ಅದು ಹೆಂಗಸ್ರು ಹಾಕೋದಲ್ವಾ!"

ಮಾವಿಸ್ ಓದಿ, ಹೆಟ್ಟಿಯ ಕಾಲು ನೋಡಿ, ಗೋಡೆ ಹಿಡಿದು ನಕ್ಕಳು. "ಮುಖ ಮುಚ್ಕೊಂಡು ಕಾಲು ಕೊಟ್ಯಲ್ಲೇ!"

ಹೆಟ್ಟಿ ನಗಲಿಲ್ಲ. ಮೆಲ್ಲಗೆ ಒತ್ತಿದಳು. "ಗೊತ್ತಿದ್ದೂ ನಾರ್ಮನ್ ಅಂತ ಯಾಕೆ ಕರೀತಿದ್ರಿ?"

ಆಲ್ಬಿ ಬರೆದ: "ಕರೆದ್ರೆ ಉತ್ತರ ಬರ್ತಿತ್ತಲ್ಲ."

ಅದರ ಕೆಳಗೇ ಅವನದೇ ಇನ್ನೊಂದು ಪ್ರಶ್ನೆ: "ಈ ವರ್ಷ ಗೊಬ್ಬರಕ್ಕೆ ಏನಯ್ಯಾ, ನಾರ್ಮನ್?"

ಹೆಟ್ಟಿ ಟೋಪಿ ಸರಿಮಾಡಿಕೊಂಡಳು. "ಹೇಳಲ್ಲ" ಎಂದು ಒತ್ತಿದಳು.