ಮುಂಗಡ ಅಧ್ಯಕ್ಷಗಿರಿ

ಗಾವಡಗೆರೆಯಲ್ಲಿ ಪಂಚಾಯಿತಿ ಚುನಾವಣೆಗೆ ನಾಮಪತ್ರ ಕೊಟ್ಟು ಸೈಕಲ್ ಹತ್ತಿದಾಗ ನಾನು ಬರೀ ಉಮೇದುವಾರ. ನಮ್ಮೂರು ತಲುಪುವಷ್ಟರಲ್ಲಿ ಮನಸ್ಸಿನಲ್ಲೇ ಗೆದ್ದು, ಸದಸ್ಯರೆಲ್ಲರ ಒತ್ತಾಯಕ್ಕೆ ಮಣಿದು ಅಧ್ಯಕ್ಷನೂ ಆಗಿಬಿಟ್ಟಿದ್ದೆ!

ಅಧ್ಯಕ್ಷನೆಂದರೆ ರುಜು. ಮನೆ ಮಂಜೂರಾತಿ, ಕೊಳಾಯಿ, ಬೀದಿದೀಪ, ಎಲ್ಲಕ್ಕೂ ರುಜು ಬೇಕು. ನನ್ನದೋ, ಸೊಸೈಟಿಯಲ್ಲಿ ಗೊಬ್ಬರ ತರುವಾಗ ಹಾಕುವ ಬಡಪಾಯಿ ರುಜು. ಅಭ್ಯಾಸ ಶುರುಮಾಡಿದೆ. ಕ್ಯಾಲೆಂಡರಿನ ಹಿಂದೆ, ಮಗಳ ನೋಟ್‌ಬುಕ್ಕಿನಲ್ಲಿ, ಕೊನೆಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಯ ಮೇಲೂ ಇದ್ದಿಲಲ್ಲಿ ಬರೆದೆ: ‘ಮರೀಗೌಡ’, ಕೆಳಗೆ ಎರಡು ಗೆರೆ, ಅದರ ಕೆಳಗೆ ‘ಅಧ್ಯಕ್ಷರು’.

“ಓಟೇ ಆಗಿಲ್ಲ, ಆಗ್ಲೇ ಅಧ್ಯಕ್ಷರಾ?” ಎಂದಳು ಹೆಂಡತಿ ಸಾಕಮ್ಮ. “ಮೊದ್ಲು ಒಲೆಗೆ ಸೌದೆ ಹಾಕಿ. ಸೊಪ್ಪು ಕೆಟ್ರೆ ನಿಮ್ ರುಜುವ ಮಾರಕ್ಕಾಯ್ತದಾ?”

“ರಾಜಕೀಯ ನಿಂಗೆ ತಿಳಿಯಾಕಿಲ್ಲ ಬುಡು” ಎಂದೆ.

ಆದರೂ ಮನೆಮನೆ ತಿರುಗಿ ನನಗಾಗಿ ಕೈಮುಗಿದವಳು ಅವಳೇ. ನಾನು ರುಜು ತಿದ್ದುವುದರಲ್ಲಿ ಮುಳುಗಿದ್ದೆ.

ಮತದಾನದ ದಿನ ಮರೆಯೊಳಗೆ ಹೋಗಿ ನನ್ನ ಗುರುತಾದ ಹೊಲಿಗೆ ಯಂತ್ರದ ಮೇಲೆ ಮೊಹರು ಒತ್ತಿದೆ. ನನ್ನ ಹೆಸರು ಅಚ್ಚಾಗಿರುವುದನ್ನು ನೋಡಿ ಮೈ ಜುಮ್ಮೆಂದಿತು. ಕೆಲಸ ಮುಗಿಸಿ, ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ಹೊರಬಂದೆ.

ಎಣಿಕೆಯಲ್ಲಿ ನನಗೂ ಎದುರಾಳಿ ಚಿಕ್ಕಣ್ಣನಿಗೂ ಜಿದ್ದಾಜಿದ್ದಿ. ಕೊನೆಯ ಕಟ್ಟಿನಲ್ಲಿ ಒಂದು ಓಟನ್ನು ಅಧಿಕಾರಿ ಪಕ್ಕಕ್ಕಿಟ್ಟರು. “ಇದು ನಡೆಯಲ್ಲ. ಯಾರೋ ರುಜು ಹಾಕಿದ್ದಾರೆ” ಎಂದರು.

ಪ್ರಜಾಪ್ರಭುತ್ವದ ಹಿತದೃಷ್ಟಿಯಿಂದ ನಾನು ಎರಡು ಮಾತಾಡಿದೆ. “ಸರಿಯಾಗ್ ಮಾಡುದ್ರಿ ಸ್ವಾಮಿ. ಓದುಬರಹ ಕಲ್ತೂ ಇಂತಾ ದಡ್ಡರು ಊರೊಳಗವ್ರಲ್ಲ!”

ಚಿಕ್ಕಣ್ಣ ಬಗ್ಗಿ ನೋಡಿದ. ಅವನಿಗೇ ಪಾಪವೆನಿಸಿರಬೇಕು. “ಮರಿಯಣ್ಣ, ಕೆಳಗೆ ಅಧ್ಯಕ್ಷರು ಅಂತ್ಲೂ ಬರ್ದದೆ ಕಣಣ್ಣ” ಎಂದು ಮೆಲ್ಲಗೆ ಹೇಳಿದ.

ಸೋತದ್ದು ಒಂದೇ ಓಟಿನಲ್ಲಿ. ಅದೊಂದು ಇದ್ದಿದ್ದರೆ ಇಬ್ಬರಿಗೂ ಸಮವಾಗಿ ಚೀಟಿಯನ್ನಾದರೂ ಎತ್ತಿಸುತ್ತಿದ್ದರು.

ಸೋತವರಿಗೆಲ್ಲ ಬೈಯಲು ಯಾರಾದರೊಬ್ಬ ದ್ರೋಹಿ ಸಿಗುತ್ತಾನೆ. ಜಾತಿಯವನೋ, ದಾಯಾದಿಯೋ, ಕಾಫಿ ಕುಡಿದು ಕೈಕೊಟ್ಟವನೋ. ನನಗೆ ಆ ಭಾಗ್ಯವೂ ಇರಲಿಲ್ಲ. ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. ಇಷ್ಟು ಅಲೆದವಳ ಮುಖ ನೋಡಲು ನಿಜಕ್ಕೂ ಸಂಕಟವಾಯಿತು. ಅಷ್ಟರಲ್ಲಾಗಲೇ ಸುದ್ದಿ ಅವಳಿಗೆ ಮುಟ್ಟಿತ್ತು. ಸಾಕಮ್ಮ ತಟ್ಟೆ ಇಟ್ಟಳು.

“ನಾನು ಕೈಮುಗುದೋರೆಲ್ಲ ಮಾತು ಉಳಿಸ್ಕೊಂಡವ್ರೆ ಕಣ್ರೀ” ಎಂದಳು. “ಕೈಕೊಟ್ಟೋನು ಒಬ್ನೇ.”

ಆ ಒಬ್ಬನಿಗೆ ಬಿಸಿ ಮುದ್ದೆ ಬಡಿಸಿ, ತುಪ್ಪವನ್ನೂ ಹಾಕಿದಳು.