ಹೊಟ್ಟೆಯ ಕಿಚ್ಚು ಕುಳ್ಳಿಗೆ ಹತ್ತಿದ್ದು

ತಿಂಗಳ ಸಾಮಾನನ್ನು ತಿಂಗಳು ಪೂರ್ತಿ ಬರುವಂತೆ ಮಾಡುವ ವಿದ್ಯೆಯಲ್ಲಿ ತಾಂಡೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ನಿಜಾಮರ ರಾಜ್ಯವಿದ್ದ ಕಾಲದ ಮಾತು ಇದು. ನಮ್ಮ ಯಜಮಾನರು ತೊಗರಿ ವ್ಯಾಪಾರದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಸಂಬಳದ ಬಹುಪಾಲು ಚೀಲದಲ್ಲೇ ಬರುತ್ತಿತ್ತು. ತಿಂಗಳ ಮೊದಲಿಗೆ ಸಾಹುಕಾರರು ಜೋಳ, ಬೇಳೆ, ಎಣ್ಣೆ, ಬೆಲ್ಲ ತೂಗಿಸಿ ಕೊಡುತ್ತಿದ್ದರು. ಆ ಚೀಲವನ್ನು ನಾನು ದೇವರ ಮುಂದಿಟ್ಟು ಕೈಮುಗಿಯುತ್ತಿದ್ದೆ. ‘ಶಿವನೇ, ಸಾಮಾನು ಕೊಟ್ಟವನೂ ನೀನೇ, ಉಣ್ಣುವ ಬಾಯಿ ಕೊಟ್ಟವನೂ ನೀನೇ. ಎರಡಕ್ಕೂ ಹೊಂದದಿದ್ದರೆ ನನ್ನನ್ನು ಕೇಳಬೇಡ!’

ನನ್ನ ಗುಟ್ಟೆಲ್ಲ ರೊಟ್ಟಿಯಲ್ಲಿತ್ತು. ಹಿಟ್ಟು ಕಡಿಮೆ, ಬಡಿತ ಹೆಚ್ಚು. ಲಿಂಬೆಹಣ್ಣಿನಷ್ಟು ಹಿಟ್ಟಿಟ್ಟುಕೊಂಡು ಪಟಪಟ ಪಟಪಟ ಬಡಿದು ಹುಣ್ಣಿಮೆಯ ಚಂದ್ರನಷ್ಟು ಅಗಲ ಮಾಡುತ್ತಿದ್ದೆ. ಎಣಿಸಿದರೆ ಆರು ರೊಟ್ಟಿ, ತೂಗಿದರೆ ಮೂರು! ದಿನವಿಡೀ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂಡುವ ನಮ್ಮವರು ಮನೆಯಲ್ಲಿ ಮಾತ್ರ ಎಣಿಸುತ್ತಿದ್ದರು, ತೂಗುತ್ತಿರಲಿಲ್ಲ. ಶಿವನ ದಯೆ ಎಂದರೆ ಇದೇ ಅಲ್ಲವೇ?

ಹೀಗೆ ಸಂಸಾರ ಸಾಗುತ್ತಿರುವಾಗ ಪಕ್ಕದ ಮನೆಗೆ ಗೌರಮ್ಮ ಬಂದಳು.

ಅವಳ ಗಂಡನೂ ಅದೇ ಅಂಗಡಿಯ ಗುಮಾಸ್ತ. ಅದೇ ಸಂಬಳ, ಅದೇ ತಕ್ಕಡಿ, ಅದೇ ಚೀಲ. ನಮ್ಮಿಬ್ಬರ ಅಡುಗೆಮನೆಗಳ ನಡುವೆ ಒಂದೇ ಕಲ್ಲಿನ ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಕಲ್ಲು ಬಿದ್ದು ಕಿಂಡಿಯಾಗಿತ್ತು. ಅವಳು ಬಂದ ಮರುದಿನ ಮಧ್ಯಾಹ್ನ ಆ ಕಿಂಡಿಯಿಂದ ಒಂದು ವಾಸನೆ ಇಳಿದು ಬಂತು. ತುಪ್ಪದ ವಾಸನೆ! ಎಮ್ಮೆ ತುಪ್ಪ ಕಾಯಿಸಿ ಬೇಳೆಗೆ ಸುರಿದಾಗ ಏಳುವ, ಜೀವವನ್ನೇ ಹಿಡಿದು ಎಳೆಯುವ ವಾಸನೆ. ಇವತ್ತು ಏನೋ ಹಬ್ಬವಿರಬೇಕು ಎಂದುಕೊಂಡೆ. ಮರುದಿನವೂ ಬಂತು. ಅದರ ಮರುದಿನವೂ! ಸೋಮವಾರ, ಮಂಗಳವಾರ ಎನ್ನದೆ ಆ ಮನೆಯಲ್ಲಿ ದಿನಾ ಹಬ್ಬ. ನಮ್ಮ ಮನೆಯಲ್ಲಿ ಪುಂಡಿ ಸೊಪ್ಪಿನ ಪಲ್ಯ.

ನನ್ನ ಮಗಳು ಬಸ್ಸಿ ರೊಟ್ಟಿ ಹಿಡಿದು ಗೋಡೆಯ ಬುಡಕ್ಕೆ ಹೋಗಿ ಕೂತಳು. ಅವಳ ಹಿಂದೆ ಚಿಕ್ಕವರಿಬ್ಬರೂ ಹೋದರು.

“ಅಲ್ಲಿ ಯಾಕ ಕುಂತೀರೇ?” ಎಂದೆ.

“ಅವ್ವಾ, ಗೋಡಿ ಬಲ್ಲಿ ಕುಂತು ತಿಂದ್ರ ರೊಟ್ಟಿ ರುಚಿ ಆಗ್ತದ.”

“ಮಾನ ಮರ್ಯಾದಿ ಅದನೋ ಇಲ್ಲೋ? ಮಂದಿ ಮನಿ ವಾಸನಿ ಹಚ್ಚಕೊಂಡು ಉಣ್ತಾರೇನ?” ಎಂದು ಬೈದು ಎಬ್ಬಿಸಿದೆ. ತಿರುಗಿ ನೋಡಿದರೆ ನಮ್ಮ ಯಜಮಾನರೂ ಮಣೆಯನ್ನು ಮೆಲ್ಲಗೆ ಗೋಡೆಯ ಕಡೆಗೆ ಸರಿಸಿಕೊಂಡಿದ್ದರು. ಮೊದಲು ನನ್ನ ಮುಖ ನೋಡುತ್ತಾ ಉಣ್ಣುತ್ತಿದ್ದ ಮನುಷ್ಯ!

“ಏನ್ರೀ, ನೀವೂನಾ?”

“ಬಿಸಲು ಬಡೀಲತ್ತಿತ್ತು, ಅದಕ್ಕ ಸರಿದೆ,” ಎಂದರು. ಅದು ಶ್ರಾವಣ ಮಾಸ. ಹೊರಗೆ ಜಿಟಿಜಿಟಿ ಮಳೆ.

ಅಂದಿನಿಂದ ನನ್ನ ಹೊಟ್ಟೆಯೊಳಗೆ ಕಿಚ್ಚು ಹೊತ್ತಿಕೊಂಡಿತು. ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರೆ ಶಿವ ಕಾಣುತ್ತಿರಲಿಲ್ಲ, ಗೌರಮ್ಮನ ತುಪ್ಪದ ಗಡಿಗೆ ಕಾಣುತ್ತಿತ್ತು. ಒಂದೇ ಚೀಲದಲ್ಲಿ ಇವಳಿಗೆ ಇಷ್ಟು ತುಪ್ಪ ಎಲ್ಲಿಂದ? ನಮ್ಮ ಓಣಿಯಲ್ಲಿ ತುಪ್ಪ ಮಾರುವವಳು ಎದುರು ಮನೆಯ ಚಾಂದಬಿ ಖಾಲಾ ಒಬ್ಬಳೇ. ಅವಳನ್ನೇ ಉಪಾಯವಾಗಿ ಕೇಳಿದೆ.

“ಗೌರವ್ವಾ? ಆಕಿ ನನ್ನ ಬಲ್ಲಿ ಚಟಾಕಿನ ಮ್ಯಾಲ ಒಯ್ಯಂಗಿಲ್ಲ ಬೇಟಿ,” ಎಂದಳು ಖಾಲಾ.

ಹಾಗಾದರೆ ತವರಿನಿಂದಲೇ ಬರುತ್ತಿರಬೇಕು! ನನ್ನ ತವರಿನಿಂದ ಬರುವುದು ಬರೀ ಆಶೀರ್ವಾದ. ಕಿಚ್ಚಿಗೆ ಇನ್ನೊಂದು ಕಟ್ಟಿಗೆ ಬಿತ್ತು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ನಡುವೆ ಅಯ್ಯನವರು ಬಂದರು.

ಕೊಡಂಗಲ್ ಕಡೆಯ ಮುದುಕ ಜಂಗಮರು ಅವರು. ಶ್ರಾವಣದ ಪ್ರತಿ ಸೋಮವಾರ ನಮ್ಮ ಓಣಿಗೆ ಭಿಕ್ಷೆಗೆ ಬರುತ್ತಿದ್ದರು. ಕಡೆಯ ಸೋಮವಾರ ಮಾತ್ರ ಒಂದು ಮನೆಯಲ್ಲಿ ಕೂತು ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಆ ಒಂದು ಮನೆ ಪ್ರತಿ ವರ್ಷವೂ ನಮ್ಮದೇ. ಬಡತನದಲ್ಲಿ ನನಗಿದ್ದ ಒಂದೇ ದೊಡ್ಡಸ್ತಿಕೆ ಅದು. ಉಳಿದವರಿಗೆ ಬಂಗಾರದ ಸರ, ನನಗೆ ಅಯ್ಯನವರ ಊಟ. ಆ ವರ್ಷ ಮೂರನೆಯ ಸೋಮವಾರ ಅಯ್ಯನವರು ಬಂದವರು ಗೌರಮ್ಮನ ಬಾಗಿಲ ಮುಂದೆ ನಿಂತುಬಿಟ್ಟರು. ಮುಖ ಮೇಲೆತ್ತಿದರು. ಕಣ್ಣು ಅರ್ಧ ಮುಚ್ಚಿದರು. ಮೂಗು ಅರಳಿಸಿ ಉಸಿರನ್ನು ಉದ್ದಕ್ಕೆ ಎಳೆದುಕೊಂಡರು. ಎಷ್ಟೋ ಹೊತ್ತು ಹಾಗೇ ನಿಂತರು!

ಓಡಿ ಹೋಗಿ ಕಾಲಿಗೆ ಬಿದ್ದೆ. “ಅಯ್ಯನೋರ, ಮುಂದಿನ ಸೋಮವಾರ ಪ್ರಸಾದಕ್ಕ ನಮ್ಮನಿಗೇ ಬರಬೇಕ್ರಿ.”

“ಶಿವ ಎಲ್ಲಿ ಕರೀತಾನೋ ಅಲ್ಲಿ ಬರ್ತೀನವ್ವಾ,” ಎಂದು ಹೊರಟೇಬಿಟ್ಟರು.

ಶಿವ ಯಾವ ದಾರಿಯಿಂದ ಕರೆಯುತ್ತಾನೆ ಎಂಬುದು ನನಗೆ ಆಗಲೇ ತಿಳಿದುಹೋಗಿತ್ತು. ಮೂಗಿನ ದಾರಿಯಿಂದ!

ಮೊದಲನೆಯ ಕೆಲಸವಾಗಿ ಮನೆಯಲ್ಲಿ ಉಳಿದಿದ್ದ ತೊಗರಿ ಬೇಳೆಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಚಾಂದಬಿ ಖಾಲಾಳ ಹತ್ತಿರ ಹೋದೆ. ಬೇಳೆ ಕೊಟ್ಟು ತುಪ್ಪ ತಂದೆ.

“ಕ್ಯಾ ಬಾತ್ ಹೈ ಬೇಟಿ, ಮನ್ಯಾಗ ಲಗ್ನ ಅದ ಏನು?” ಎಂದಳು.

“ಲಗ್ನಕ್ಕಿಂತ ದೊಡ್ಡದದ ಖಾಲಾ,” ಎಂದೆ.

ಸಂಜೆ ನಮ್ಮವರು ಬಂದು ಬೇಳೆಯ ಗಡಿಗೆಯೊಳಗೆ ಇಣುಕಿದರು. ಆಮೇಲೆ ತುಪ್ಪದ ಗಡಿಗೆಯೊಳಗೆ ಇಣುಕಿದರು. ಆಮೇಲೆ ನನ್ನ ಮುಖ ನೋಡಿದರು.

“ತುಪ್ಪೇನೋ ಬಂತು. ಎದರ ಮ್ಯಾಲ ಹಾಕೊಂಡು ಉಣ್ಲಿ? ಅಂಗೈ ಮ್ಯಾಲ ಹಾಕೊಂಡು ನೆಕ್ಲೇನು?”

ಆ ದೃಷ್ಟಿಯಿಂದ ನಾನು ವಿಚಾರ ಮಾಡಿರಲಿಲ್ಲ. ಆದರೆ ಒಪ್ಪಿಕೊಳ್ಳುವುದುಂಟೇ? “ಪುಂಡಿ ಪಲ್ಯಕ್ಕ ಹಾಕೋರಿ. ಸ್ವರ್ಗ ಕಾಣ್ತದ,” ಎಂದೆ. ಹಾಕಿಕೊಂಡರು. ಸ್ವರ್ಗ ಕಂಡಿತೋ ಇಲ್ಲವೋ, ಅಂಥ ವಾಸನೆಯಂತೂ ಏಳಲಿಲ್ಲ. ಎರಡು ದಿನ ಧಾರಾಳವಾಗಿ ಸುರಿದು ನೋಡಿದೆ. ನಮ್ಮ ತುಪ್ಪ ತಟ್ಟೆ ಬಿಟ್ಟು ಮೇಲೇಳುತ್ತಿರಲಿಲ್ಲ. ಗೌರಮ್ಮನ ತುಪ್ಪ ಗೋಡೆ ಹಾರಿ ಬರುತ್ತಿತ್ತು!

ಇದರಲ್ಲಿ ಏನೋ ಮರ್ಮವಿದೆ ಎಂದುಕೊಂಡು ಎರಡನೆಯ ಕೆಲಸಕ್ಕೆ ಕೈಹಾಕಿದೆ. ಮಧ್ಯಾಹ್ನ ಬೀಸುವ ಕಲ್ಲಿನ ಮೇಲೆ ಮಣೆ, ಮಣೆಯ ಮೇಲೆ ಇನ್ನೊಂದು ಮಣೆ ಇಟ್ಟು, ಶಿವನಾಮ ಸ್ಮರಣೆ ಮಾಡುತ್ತಾ ಹತ್ತಿ ಕಿಂಡಿಗೆ ಕಣ್ಣಿಟ್ಟೆ. ಗೌರಮ್ಮ ಬೇಳೆಯ ಗಡಿಗೆಯ ಮುಂದೆ ಕೂತಿದ್ದಳು. ಒಲೆಯಿಂದ ನಿಗಿನಿಗಿ ಕೆಂಡವೊಂದನ್ನು ಇಕ್ಕಳದಲ್ಲಿ ಎತ್ತಿ ಗಡಿಗೆಯೊಳಗೆ ಇಳಿಸಿದಳು. ತುಪ್ಪದ ಬಟ್ಟಲನ್ನು ಅದರ ಮೇಲೆ ಬಗ್ಗಿಸಿದಳು. ಚುಂಯ್ ಎಂದಿತು! ಹೊಗೆ ಎದ್ದಿತು! ಓಹೋ, ಕೆಂಡದ ಮೇಲೆ ತುಪ್ಪ! ಇನ್ನೂ ಸರಿಯಾಗಿ ನೋಡಬೇಕೆಂದು ತುದಿಗಾಲಿನಲ್ಲಿ ನಿಂತೆ. ಮಣೆ ಜಾರಿತು. ಖಾಲಿ ಬೇಳೆಯ ಗಡಿಗೆಯ ಮೇಲೆ ನಾನು, ನನ್ನ ಮೇಲೆ ಎರಡು ಮಣೆ.

ಗೋಡೆಯಾಚೆಯಿಂದ ದನಿ ಬಂತು. “ಏನಾತಕ್ಕಾ?”

“ಏನಿಲ್ಲ ತಂಗಿ, ಬೆಕ್ಕು ಬಿತ್ತು.”

“ಬೆಕ್ಕು ‘ಶಿವಾ ಶಿವಾ’ ಅಂತ ನರಳ್ತಲ್ಲಕ್ಕಾ?”

“ಲಿಂಗವಂತರ ಮನಿ ಬೆಕ್ಕದ ತಂಗಿ!”

ಸೊಂಟ ಹಿಡಿದುಹೋದರೂ ಮರ್ಮ ಕೈಗೆ ಸಿಕ್ಕಿತ್ತು. ಒಂದು ಕೆಂಡಕ್ಕೆ ಇಷ್ಟು ಘಮವಾದರೆ ಒಂದು ಕಡಾಯಿ ಕೆಂಡಕ್ಕೆ ಎಷ್ಟಾಗಬೇಡ? ಈ ಲೆಕ್ಕ ನನಗೆ ತಪ್ಪೆಂದು ತೋರಲೇ ಇಲ್ಲ.

ಕಡೆಯ ಸೋಮವಾರ ಬಂತು. ಬೆಳಿಗ್ಗೆಯೇ ಮಿಂದು, ಪೂಜೆ ಮಾಡಿ, ರೊಟ್ಟಿ ಬಡಿದು ಬುಟ್ಟಿಗೆ ತುಂಬಿ ಗೂಡಿನಲ್ಲಿಟ್ಟೆ. ಪುಂಡಿ ಪಲ್ಯ ಒಲೆಯ ಮೇಲಿತ್ತು. ಬೇಳೆ ಇರಲಿಲ್ಲವಾದ್ದರಿಂದ ಕೆಂಡ ಇಳಿಸಲು ಗಡಿಗೆಯೂ ಬೇಕಿರಲಿಲ್ಲ. ಕಬ್ಬಿಣದ ಕಡಾಯಿಯ ತುಂಬ ಕೆಂಡ ತುಂಬಿದೆ. ವಾಸನೆ ನೇರವಾಗಿ ಅಯ್ಯನವರ ಮೂಗಿಗೇ ತಲುಪಲಿ ಎಂದು ಅದನ್ನು ಬೀದಿ ಬಾಗಿಲಿನ ಒಳಗೆ, ಮಳೆಗೆ ನೆನೆಯದಂತೆ ಒಟ್ಟಿದ್ದ ಸಗಣಿ ಕುಳ್ಳಿನ ರಾಶಿಯ ಪಕ್ಕದಲ್ಲಿಟ್ಟೆ. ಓಣಿಯ ತುದಿಯಲ್ಲಿ ಅಯ್ಯನವರ ಗಂಟೆ ಕೇಳಿಸಿತು. ‘ಶಿವನೇ, ನನ್ನ ಮಾನ ನಿನ್ನದು’ ಎಂದವಳೇ ತುಪ್ಪದ ಗಡಿಗೆಯನ್ನು ಪೂರ್ತಿ ಬೋರಲು ಹಾಕಿದೆ.

ಭಗ್!

ಜ್ವಾಲೆ ಬಾಗಿಲಿನ ಎತ್ತರಕ್ಕೆ ಎದ್ದಿತು. ಇಷ್ಟು ದಿನ ಹೊಟ್ಟೆಯೊಳಗಿದ್ದ ಕಿಚ್ಚು ಹೊರಗೆ ಬಂದು ಕುಳ್ಳಿಗೆ ಹತ್ತಿತು. ಸ್ಟೇಷನ್ನಿನಲ್ಲಿ ನಿಲ್ಲಬೇಕಾದ ವಾಡಿಯ ರೈಲುಗಾಡಿ ದಾರಿ ತಪ್ಪಿ ನಮ್ಮ ಮನೆಯೊಳಗೆ ಬಂದು ನಿಂತಂತೆ ಹೊಗೆ!

“ಆಗ್ ಲಗೀ! ಬೆಂಕಿ ಬಿತ್ತು, ಬರ್ರೋ!” ಎಂದು ಚಾಂದಬಿ ಖಾಲಾ ಕೂಗಿಕೊಂಡಳು. ಓಣಿಗೆ ಓಣಿಯೇ ಕೊಡ ಹಿಡಿದು ಓಡಿ ಬಂತು. ಎಲ್ಲರಿಗಿಂತ ಮುಂದೆ ಗೌರಮ್ಮ! ಬಾಗಿಲಿಗೆ ಸುರಿದರು, ಕುಳ್ಳಿಗೆ ಸುರಿದರು. ಕಣ್ಣು ಕಾಣದ ಹೊಗೆಯಲ್ಲಿ ಒಲೆಗೆ ಸುರಿದರು. ಪುಂಡಿ ಪಲ್ಯ ಪುಂಡಿ ಸಾರಾಯಿತು, ಸಾರು ಹೊಳೆಯಾಗಿ ಬೀದಿಗೆ ಹರಿಯಿತು. ಬೆಂಕಿ ಆರಿತು. ನನ್ನನ್ನೂ ಬೆಂಕಿ ಎಂದು ತಿಳಿದವರು ಯಾರೋ ನನ್ನ ತಲೆಯ ಮೇಲೂ ಒಂದು ಕೊಡ ಸುರಿದರು. ಅವರದು ತಪ್ಪಲ್ಲ.

ಆ ಹೊಗೆಯ ನಡುವೆ ಅಯ್ಯನವರು ಬಂದು ನಿಂತರು. ಮುಖ ಮೇಲೆತ್ತಿದರು. ಕಣ್ಣು ಅರ್ಧ ಮುಚ್ಚಿದರು. ಮೂಗು ಅರಳಿಸಿದರು. ನಾನು ತೊಯ್ದ ಸೆರಗು ಹೊದ್ದು ಉಸಿರು ಬಿಗಿಹಿಡಿದು ನಿಂತೆ.

“ಆ... ಆ... ಆಕ್ಷೀ!”

ಗೋಡೆ ನಡುಗುವಂತೆ ಸೀನಿದರು. ಇನ್ನೊಮ್ಮೆ ಸೀನಿದರು. ಮುಖದಲ್ಲಿ ಪರಮಾನಂದ ಬೆಳಗಿತು.

“ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ! ಹೋದ ಸೋಮವಾರ ಆಕಿ ಬಾಗಿಲಾಗ ನಿಂತಾಗ ಒಂದು ಸೀನು ಮೂಗಿನ ತನಕ ಬಂದು ನಿಂತಿತ್ತು ನೋಡು. ಇವತ್ತು ಬಂತು!”

“ಅಯ್ಯನೋರ, ಅವತ್ತು ನೀವು ತುಪ್ಪದ ವಾಸನಿ ನೋಡಾಕ ನಿಂತಿದ್ದಿಲ್ಲೇನ್ರಿ?”

“ಎಲ್ಲೀ ವಾಸನಿ ತಂಗಿ? ನಶ್ಯ ಏರಿಸಿ ಏರಿಸಿ ನನ್ನ ಮೂಗು ಸತ್ತು ಎಷ್ಟೋ ವರ್ಷ ಆತು. ತುಪ್ಪ ಇಟ್ರೂ ಅಷ್ಟೇ, ಕುಳ್ಳು ಸುಟ್ರೂ ಅಷ್ಟೇ.”

ನಾನು ಅಲ್ಲಿಯೇ ತೊಯ್ದ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಕೂಡಲು ಒಣನೆಲ ಇಲ್ಲದ ಮನೆಯಲ್ಲಿ ಅಯ್ಯನವರನ್ನು ಎಲ್ಲಿ ಕೂಡಿಸುವುದು? “ನಮ್ಮನಿಗೆ ಬರ್ರಿ ಅಯ್ಯನೋರ,” ಎಂದಳು ಗೌರಮ್ಮ. ಹೋಯಿತು! ನನ್ನ ಬಂಗಾರದ ಸರ ಅವಳ ಕೊರಳಿಗೆ ಬಿತ್ತು ಎಂದುಕೊಳ್ಳುವಷ್ಟರಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಂದಳು.

“ಅಕ್ಕಾ, ನಿಮ್ಮ ರೊಟ್ಟಿ ಬುಟ್ಟಿ ತರ್ರಿ. ನಮ್ಮನ್ಯಾಗ ಜ್ವಾಳ ತೀರಿ ಎರಡು ದಿನ ಆತು. ಬರೇ ಬ್ಯಾಳಿ ಅದ. ಅದರಾಗೂ ಬ್ಯಾಳಿಗಿಂತ ನೀರು ಹೆಚ್ಚದ.”

“ದಿನಾ ತುಪ್ಪ ಉಣ್ಣೋರ ಮನ್ಯಾಗ ಜ್ವಾಳ ಇಲ್ಲೇನ?” ಎಂದೆ.

ಗೌರಮ್ಮ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. “ಯಾವ ತುಪ್ಪಕ್ಕಾ? ಅದು ಧುಂಗಾರ. ಬಟ್ಟಲದಾಗ ಒಂದು ಕೆಂಡ ಇಟ್ಟು, ಬ್ಯಾಳಿ ಮ್ಯಾಲ ತೇಲಿ ಬಿಟ್ಟು, ಒಂದೇ ಒಂದು ಹನಿ ತುಪ್ಪ ಬಿಟ್ಟು ಮುಚ್ಚಳ ಹಾಕೋದು. ನೀರ ಬ್ಯಾಳೀಗೂ ತುಪ್ಪದ ವಾಸನಿ ಬರ್ತದ. ಚಾಂದಬಿ ಖಾಲಾನೇ ಕಲಿಸ್ಯಾಳ.”

ಖಾಲಾ ಕೊಡ ಹಿಡಿದು ಅಲ್ಲೇ ನಿಂತಿದ್ದಳು. “ನನ್ನ ಕೇಳಿದ್ರ ನಿನಗೂ ಕಲಿಸ್ತಿದ್ನಲ್ಲ ಬೇಟಿ!”

ಒಂದು ಹನಿ! ನಾನು ಒಂದು ಗಡಿಗೆ ಸುರಿದಿದ್ದೆ.

“ಆದ್ರ ಅಕ್ಕಾ,” ಎಂದಳು ಗೌರಮ್ಮ, ಸ್ವಲ್ಪ ಮುಖ ಸಣ್ಣದು ಮಾಡಿಕೊಂಡು, “ನಿಮ್ಮಂಥ ಪುಣ್ಯ ನಮಗಿಲ್ಲ ಬಿಡ್ರಿ. ಮುಂಜಾನಿ ನೀವು ರೊಟ್ಟಿ ಬಡಿಯೂ ಸಪ್ಪಳಾ ನಿಲ್ಲಂಗೇ ಇಲ್ಲ. ಪಟಪಟ ಪಟಪಟ! ನಮ್ಮವ್ರು ದಿನಾ ಅಂತಾರ, ‘ಕೇಳು, ಆ ಮನ್ಯಾಗ ಎಷ್ಟು ರೊಟ್ಟಿ ಆಗ್ಲತ್ತಾವ ನೋಡು, ನೀ ನಾಕು ಬಡದು ಕುಂತೀದಿ’ ಅಂತ. ಕೇಳಿ ಕೇಳಿ ನನ್ನ ಹೊಟ್ಟಿ ಉರೀತಿತ್ರಿ.”

ಆ ಸಪ್ಪಳದ ಗುಟ್ಟು ನನಗೊಬ್ಬಳಿಗೇ ಗೊತ್ತು. ಹೇಳಲಿಲ್ಲ. ಬೇಳೆ, ತುಪ್ಪ, ಕುಳ್ಳು ಎಲ್ಲ ಹೋದ ಮೇಲೆ ಸಪ್ಪಳವಾದರೂ ನನ್ನದೇ ಇರಲಿ!

ಆದರೆ ಗುಟ್ಟು ಎಷ್ಟು ಹೊತ್ತು ಉಳಿದೀತು? ಗೌರಮ್ಮನ ಪಡಸಾಲೆಯಲ್ಲಿ ಅಯ್ಯನವರು ನನ್ನ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. “ಏನ್ ಕೈ ತಂಗಿ ನಿಂದು! ಇದರಾಗಿಂದ ನನಗ ಎದುರಿಗೆ ಕುಂತ ಈಕಿ ಮಾರಿ ಕಾಣ್ಲತ್ತದ!” ಎಂದರು. ಓಣಿಯವರೆಲ್ಲ ಹೋ ಎಂದು ನಕ್ಕರು. ಬೆಂಕಿಯ ಸುದ್ದಿ ಕೇಳಿ ಅಂಗಡಿಯಿಂದ ಓಡಿ ಬಂದಿದ್ದ ನಮ್ಮವರು ನಗಲಿಲ್ಲ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿದರು. ಮದುವೆಯಾದಾಗಿನಿಂದ ಮೊದಲ ಸಲ ತೂಗುತ್ತಿದ್ದರು!

ಅಯ್ಯನವರು ಗೌರಮ್ಮನ ನೀರು ಬೇಳೆಯನ್ನು ಮೂರು ಸಲ ನೀಡಿಸಿಕೊಂಡು ಉಂಡರು. ಮೂಗು ಸತ್ತವರು! ವಾಸನೆಯೇ ತಿಳಿಯದವರಿಗೆ ಆ ಬೇಳೆಯಲ್ಲಿ ಏನು ರುಚಿ ಕಂಡಿತೋ ಶಿವನೇ ಬಲ್ಲ. ನನ್ನ ರೊಟ್ಟಿ ಮಾತ್ರ ಎರಡೇ ತಿಂದರು. ತೂಕಕ್ಕೆ ಹಿಡಿದರೆ ಒಂದೇ.

ಮನೆ ಉಳಿಯಿತು, ಮಕ್ಕಳಿಗೆ ಏನೂ ಆಗಲಿಲ್ಲ, ಅಯ್ಯನವರು ಹಸಿದು ಹೋಗಲಿಲ್ಲ. ಅದಕ್ಕಾಗಿ ಶಿವನಿಗೆ ದಿನಾ ಕೈಮುಗಿಯುತ್ತಿದ್ದೆ. ಆದರೆ ತಿಂಗಳು ಮುಗಿಯುವವರೆಗೆ ನಮ್ಮ ಮನೆಯಲ್ಲಿ ಬೇಳೆಯಿಲ್ಲ, ತುಪ್ಪವಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳಲು ಇದ್ದದ್ದು ಗೌರಮ್ಮನ ವಾಸನೆಯೊಂದೇ. ಮಧ್ಯಾಹ್ನ ಚುಂಯ್ ಎಂಬ ಸದ್ದು ಕೇಳಿದೊಡನೆ ಮಕ್ಕಳು ಗೋಡೆಯ ಬುಡಕ್ಕೆ ಓಡುತ್ತಿದ್ದರು. ಯಜಮಾನರು ಬಿಸಿಲಿನ ನೆಪವನ್ನೂ ಹೇಳದೆ ಮಣೆ ಒಯ್ದು ಹಾಕಿಕೊಳ್ಳುತ್ತಿದ್ದರು.

ನಾನೂ ಅಲ್ಲಿಯೇ ಹೋಗಿ ಕೂಡುತ್ತಿದ್ದೆ. ಆದರೆ ಗೋಡೆಗೆ ಬೆನ್ನು ಮಾಡಿ. ನನಗೂ ಮಾನ ಎಂಬುದೊಂದು ಇದೆಯಲ್ಲ!